ನಾಣ್ಯ ಅಲ್ಲ ಪುಟ್ಟಿ, ಆ ಕಾಗದ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನ್ ಇಡುವ ಮುಂಚೆ ನೀನು ಹೇಳಿದ ಮಾತು ಇನ್ನೂ ತಲೆಯಲ್ಲೇ ಕೂತಿದೆ. ನಿಮ್ಮ 'ರೋಸೆನ್‌ಕ್ರಾಂಟ್ಸ್ ಅಂಡ್ ಗಿಲ್ಡೆನ್‌ಸ್ಟರ್ನ್ ಆರ್ ಡೆಡ್' ನಾಟಕದ ಪಾತ್ರ ಹಂಚೋಕೆ ಚೀಟಿ ಎತ್ತಿಸಿದರು, ನಿನಗೆ ಗಿಲ್ಡೆನ್‌ಸ್ಟರ್ನ್ ಬಂತು. "ನಾಟಕ ಹೇಳೋದೂ ಅದನ್ನೇ ಅಪ್ಪ. ಎಲ್ಲಾ ಲಕ್ಕು. ನಾವೇನು ಮಾಡಿದ್ರೂ ಅಷ್ಟೇ" ಅಂದೆ. ಫೋನಿನಲ್ಲಿ ವಾದಕ್ಕಿಳಿದರೆ ನೀನೇ ಗೆಲ್ಲುತ್ತೀಯ. ಪತ್ರದಲ್ಲಾದರೆ ಮಧ್ಯೆ ಬಾಯಿ ಹಾಕುವಂತಿಲ್ಲ, ಅಲ್ವಾ?

ನೀನು ಕಳಿಸಿದ ನಾಟಕ ಎರಡು ಸಲ ಓದಿದೆ. ಮೊದಲ ಸಲ ಬರೀ ನಕ್ಕೆ. ಶೇಕ್ಸ್‌ಪಿಯರನ 'ಹ್ಯಾಮ್ಲೆಟ್'ನಲ್ಲಿ ಸಣ್ಣ ಪಾತ್ರಗಳಾದ ರೋಸೆನ್‌ಕ್ರಾಂಟ್ಸ್, ಗಿಲ್ಡೆನ್‌ಸ್ಟರ್ನ್ ಇಬ್ಬರೂ ಇಲ್ಲಿ ದಾರಿಯಲ್ಲಿ ಕೂತು ನಾಣ್ಯ ಚಿಮ್ಮುತ್ತಾರೆ. 92 ಸಲವೂ ಹೆಡ್. ಲೆಕ್ಕ ಹಾಕಿದೆ: ಹಾಗಾಗುವ ಸಾಧ್ಯತೆ, 5ರ ಮುಂದೆ 27 ಸೊನ್ನೆ ಬರೆದರೆ ಬರುತ್ತಲ್ಲ, ಸುಮಾರು ಅಷ್ಟರಲ್ಲಿ ಒಂದು. ಆದರೂ 93ನೆಯ ಸಲ ಅರ್ಧಕ್ಕರ್ಧವೇ. ಹಿಂದೆ ಏನಾಗಿತ್ತು ಅಂತ ನಾಣ್ಯಕ್ಕೇನು ಗೊತ್ತು? ನಾನೂ ಸುಮ್ನೆ ಮಾಡಿ ನೋಡಿದೆ. ನಾಲ್ಕು ಸಲ ಹೆಡ್ ಬಿತ್ತು. ಐದನೆಯದು ಬೀರು ಕೆಳಗೆ ಉರುಳಿಹೋಯಿತು. ಟಾರ್ಚ್ ಹಿಡಿದು ನೆಲದ ಮೇಲೆ ಮಲಗಿದ್ದವನನ್ನು ಅಮ್ಮ ನೋಡಿ, ಏನೂ ಕೇಳದೆ ಹೋದಳು.

ನಾಣ್ಯ ಮೊದಲ ಸಲ ಟೈಲ್ ಬೀಳೋದು ಯಾವಾಗ ನೋಡಿದೆಯಾ? ಹ್ಯಾಮ್ಲೆಟ್‌ನ ಅರಮನೆಯ ಕತೆ ಇವರನ್ನು ಒಳಗೆ ಎಳೆದುಕೊಳ್ಳುವ ಹೊತ್ತಿಗೆ ಸರಿಯಾಗಿ. ಅಂದರೆ ಅಲ್ಲಿಂದ ಮುಂದೆ ಲೋಕ ಎಂದಿನಂತೆ ನಡೆಯುತ್ತದೆ. ಅವರು ಸಾಯೋದು ಈ ಎಂದಿನ ಲೋಕದಲ್ಲೇ.

ಬರೆದವನಿಗೆ ಅದೃಷ್ಟದ ಆಟ ಚೆನ್ನಾಗಿ ಗೊತ್ತಿತ್ತು. ಟಾಮ್ ಸ್ಟಾಪರ್ಡ್ ಹುಟ್ಟಿದ್ದು 1937ರಲ್ಲಿ, ಜೆಕೊಸ್ಲೊವಾಕಿಯಾದಲ್ಲಿ. ನಾಜಿಗಳಿಗೆ ಹೆದರಿ ಮನೆಯವರು ಸಿಂಗಾಪುರಕ್ಕೆ ಓಡಿದರು. ಅಲ್ಲಿಗೆ ಜಪಾನೀಯರು ಬಂದರು, ಅಪ್ಪ ತೀರಿಕೊಂಡ. ಅಮ್ಮ ಇಬ್ಬರು ಗಂಡುಮಕ್ಕಳ ಜೊತೆ ನಮ್ಮ ದೇಶ ಸೇರಿದಳು. ಹುಡುಗ ಡಾರ್ಜಿಲಿಂಗ್‌ನಲ್ಲಿ ಓದಿದ. ಆಮೇಲೆ ಅಮ್ಮ ಒಬ್ಬ ಇಂಗ್ಲಿಷ್ ಮೇಜರ್‌ನನ್ನು ಮದುವೆಯಾದಳು. 1946ರಲ್ಲಿ ಇಂಗ್ಲೆಂಡ್, ಹೊಸ ಹೆಸರು. ಇಪ್ಪತ್ತು ವರ್ಷ ಕಳೆದು, 1966ರಲ್ಲಿ, ಎಡಿನ್‌ಬರೋದಲ್ಲಿ ಈ ನಾಟಕ. 'ಎಲ್ಲಾ ಲಕ್ಕು' ಅಂತ ಬರೆಯೋ ಹಕ್ಕು ಅವನಿಗೆ ಇದ್ದೇ ಇತ್ತು. ಆದರೆ ಅವನು ಅದರ ಜೊತೆ ಒಂದು ಕಾಗದವನ್ನೂ ಇಟ್ಟ.

ಹಡಗಿನ ದೃಶ್ಯ ಇನ್ನೊಮ್ಮೆ ಓದು. ಹ್ಯಾಮ್ಲೆಟ್‌ನನ್ನು ಇಂಗ್ಲೆಂಡಿಗೆ ಕರೆದೊಯ್ಯುವಾಗ, ರಾಜ ಕೊಟ್ಟ ಪತ್ರವನ್ನು ನೀನೂ ರೋಸೆನ್‌ಕ್ರಾಂಟ್ಸೂ ಒಡೆಯುತ್ತೀರಿ. ಇಂಗ್ಲೆಂಡಿಗೆ ಕಾಲಿಟ್ಟ ಕೂಡಲೇ ಹ್ಯಾಮ್ಲೆಟ್‌ನ ತಲೆ ತೆಗೆಯಿರಿ ಅಂತ ಇದೆ. ಹ್ಯಾಮ್ಲೆಟ್ ನಿಮ್ಮ ಬಾಲ್ಯದ ಗೆಳೆಯ, ಅಲ್ಲೇ ಇದ್ದಾನೆ. ರೋಸೆನ್‌ಕ್ರಾಂಟ್ಸ್‌ಗೆ ಕರುಳು ಚುರ್ ಅನ್ನುತ್ತದೆ. ನಿನ್ನ ಪಾತ್ರ ಏನು ಮಾಡುತ್ತದೆ? ಭಾಷಣ! ಸಾವು ಏನಂತಲೇ ಗೊತ್ತಿಲ್ಲದಿರುವಾಗ ಹೆದರೋದು ಯಾಕೆ ಅಂತ ಸಾಕ್ರೆಟಿಸನನ್ನು ಎಳೆದು ತರುತ್ತದೆ. ದೊಡ್ಡವರ ವಿಷಯಕ್ಕೆ ನಾವು ಕೈ ಹಾಕಬಾರದು ಅನ್ನುತ್ತದೆ. ಆಮೇಲೆ ಕಾಗದ ಮಡಚಿ, ಮತ್ತೆ ಮುಚ್ಚಿ ಇಡುತ್ತದೆ. ರಾತ್ರಿ ಹ್ಯಾಮ್ಲೆಟ್ ಪತ್ರ ಬದಲಾಯಿಸುತ್ತಾನೆ. ಮುಂದಿನ ಸಲ ಒಡೆದಾಗ ಅದರಲ್ಲಿ ನಿಮ್ಮಿಬ್ಬರ ಹೆಸರೇ.

ಕೊನೆಗೆ ಗಿಲ್ಡೆನ್‌ಸ್ಟರ್ನ್ ಹಲುಬುತ್ತಾನೆ, ಶುರುವಿನಲ್ಲಿ ಎಲ್ಲೋ 'ಬೇಡ' ಅನ್ನಬಹುದಾಗಿದ್ದ ಗಳಿಗೆ ಇದ್ದಿರಬೇಕು, ಹೇಗೋ ತಪ್ಪಿಹೋಯಿತು ಅಂತ. ಶುರುವಿನಲ್ಲಂತೆ! ಹಡಗಿನಲ್ಲಿ ಕೈಯಲ್ಲೇ ಇತ್ತಲ್ಲ ಮಾರಾಯ್ತಿ. ಎರಡನೇ ಸಲ ಓದುವಾಗ ಇಲ್ಲಿ ನಗು ಬರಲಿಲ್ಲ.

ನನ್ನ ರಂಗಾನುಭವ ನಿನಗೆ ಗೊತ್ತೇ ಇದೆ. ಒಂದೇ ನಾಟಕ, ಎರಡನೇ ಭಟ. ಮಾತಿಲ್ಲ, ಬರೀ ಭರ್ಜಿ. ರಾಜನ ಪಾತ್ರದವನು ಒಂದು ತಿಂಗಳ ರಿಹರ್ಸಲ್ ಮುಗಿದರೂ ನನ್ನನ್ನು ಮೊದಲನೇ ಭಟನ ಹೆಸರಿನಿಂದಲೇ ಕರೆಯುತ್ತಿದ್ದ. ಕೊನೆಗೆ ನಾನೂ 'ಹ್ಞಾಂ' ಅನ್ನುತ್ತಿದ್ದೆ. ವಿಂಗ್‌ನಲ್ಲಿ ಕೂತರೆ ಕತೆ ಅರ್ಧಂಬರ್ಧ ಕೇಳಿಸುತ್ತದೆ. ಯಾರೋ ಅಳುತ್ತಾರೆ, ಯಾಕಂತ ಗೊತ್ತಿಲ್ಲ. ನಮ್ಮ ಎಂಟ್ರಿ ಬಂದಾಗ ಹೋಗಿ ನಿಲ್ಲೋದು, ಅಷ್ಟೇ. ಹಾಗಾಗಿ ಇವರಿಬ್ಬರನ್ನು ಕಂಡರೆ ನನಗೆ ಪಾಪ ಅನ್ನಿಸೋದೇ ಜಾಸ್ತಿ. ಬೈಯೋಕೆ ಬಾಯಿ ಬರೋದಿಲ್ಲ.

ಅದಕ್ಕೇ ನಿನ್ನ ಪಾತ್ರವನ್ನು ದೊಡ್ಡ ಜ್ಞಾನಿ ಥರ ಆಡಬೇಡ. ಅವನು ಭಯಕ್ಕೆ ಮಾತಾಡುತ್ತಾನೆ. ನಾಟಕ ಮೇಳದ ಯಜಮಾನನಿಗೆ ಚಾಕು ಚುಚ್ಚುವ ಜಾಗದಲ್ಲಿ ಮಾತ್ರ ನಿಜವಾಗಿ ಸಿಟ್ಟು ಮಾಡಿಕೋ. ಆ ಯಜಮಾನ ಸತ್ತೇ ಹೋದ ಅಂತ ಜನ ಉಸಿರು ಬಿಗಿಹಿಡಿಯಬೇಕು. ಅವನ ಮೇಳದವರು ಚಪ್ಪಾಳೆ ತಟ್ಟಿ, ಅವನು ಎದ್ದು ನಿಂತಾಗ ಪೆಚ್ಚಾಗಬೇಕಾದವಳು ನೀನು. ಚಾಕುವಿನ ಅಲಗು ಸರಾಗವಾಗಿ ಹಿಡಿಯೊಳಗೆ ಹೋಗುತ್ತದಾ ಅಂತ ಪ್ರತಿ ಸಲವೂ ನೀನೇ ಒತ್ತಿ ನೋಡು. ಇದನ್ನಂತೂ ಲಕ್ಕಿಗೆ ಬಿಡಬೇಡ.

ಶನಿವಾರ ಇಬ್ಬರೂ ಬರುತ್ತೇವೆ. ಕಾಗದ ಮಡಚುವಾಗ ಆತುರ ಬೇಡ. ಅದನ್ನು ಕೈಯಲ್ಲಿ ಹಿಡಿದು ಎರಡು ಉಸಿರು ಸುಮ್ಮನೆ ನಿಲ್ಲು. ಹ್ಯಾಮ್ಲೆಟ್ ಮಲಗಿರುವ ಕಡೆ ಒಮ್ಮೆ ನೋಡು. ಆಮೇಲೆ ಬೇಕಾದರೆ ಮಡಚು.

ಆ ಐದನೇ ನಾಣ್ಯ ಇವತ್ತು ಸಿಕ್ಕಿತು. ಅಮ್ಮ ಪೊರಕೆಯಲ್ಲಿ ಎಳೆದು ಕೊಟ್ಟಳು. ಹಾಗಾಗಿ ಯಾವ ಕಡೆ ಬಿದ್ದಿತ್ತೋ ಗೊತ್ತಾಗಲಿಲ್ಲ.

ನಿನ್ನ
ಅಪ್ಪ