ಮಗಳಿಗೊಂದು ಪತ್ರ: ಅಥೆನ್ಸಿನ ಹುಡುಗಿಯರು

ಪ್ರೀತಿಯ ಮಗಳೇ,

ಪ್ರಾಚೀನ ಗ್ರೀಸಿನ ಅಥೆನ್ಸ್ ನಗರದ ಪ್ರಜಾಪ್ರಭುತ್ವದ ಬಗ್ಗೆ ನೀನು ಬರೆದು ಕಳಿಸಿದ್ದನ್ನು ಓದಿದೆ. ಕುಂಬಾರನೂ ಚಪ್ಪಲಿ ಹೊಲಿಯುವವನೂ ಜನಸಭೆ ಸೇರುವ ಪ್ನಿಕ್ಸ್ ಗುಡ್ಡ ಹತ್ತಿ, ಯುದ್ಧ ಬೇಕೋ ಬೇಡವೋ ಎಂದು ಕೈಯೆತ್ತುತ್ತಿದ್ದದ್ದು, 500 ಜನರ ಮಂಡಳಿಗೆ ಚೀಟಿ ಎತ್ತಿ ಆರಿಸುತ್ತಿದ್ದದ್ದು, ಎಲ್ಲ ಚೆನ್ನಾಗಿ ಬಂದಿದೆ. ಆದರೆ ಆ ಕುಂಬಾರನ ಮಗಳು ಎಲ್ಲಿ? 'ಹೆಂಗಸರಿಗೂ ಗುಲಾಮರಿಗೂ ಮತದ ಹಕ್ಕು ಇರಲಿಲ್ಲ' ಎಂಬ ಒಂದೇ ಸಾಲಿನಲ್ಲಿ ಅವಳನ್ನು ಮುಗಿಸಿಬಿಟ್ಟಿದ್ದೀಯ. ಆ ಸಾಲಿನೊಳಗೆ ಏನೇನಿದೆ ಎಂದು ನಿನಗೆ ಹೇಳಲೇಬೇಕು ಅನ್ನಿಸಿತು.

ಕ್ರಿ.ಪೂ. 451ರಲ್ಲಿ ಅಥೆನ್ಸಿನ ನಾಯಕ ಪೆರಿಕ್ಲೀಸ್ ಒಂದು ಕಾನೂನು ತಂದ. ತಂದೆ ಮಾತ್ರವಲ್ಲ, ತಾಯಿಯೂ ಅಥೆನ್ಸಿನವಳಾಗಿದ್ದರಷ್ಟೇ ಮಗ ನಾಗರಿಕ. ಅಂದರೆ ಪೌರತ್ವ ಹರಿದುಬರುವುದಕ್ಕೆ ಅವಳು ಬೇಕು. ಆದರೆ ಹದಿನೆಂಟು ತುಂಬಿದ ಹುಡುಗನ ಹೆಸರನ್ನು ಊರಿನ ಪಟ್ಟಿಯಲ್ಲಿ ಬರೆಯುತ್ತಿದ್ದರು, ಹುಡುಗಿಯ ಹೆಸರನ್ನು ಆ ಪಟ್ಟಿಯಲ್ಲಿ ಬರೆಯುತ್ತಿರಲಿಲ್ಲ. ಮದುವೆ ಮಾತುಕತೆಯಲ್ಲಿ ತಂದೆ ಅಳಿಯನಾಗುವವನಿಗೆ, 'ಸಕ್ರಮ ಸಂತಾನದ ಬಿತ್ತನೆಗಾಗಿ ಇವಳನ್ನು ಕೊಡುತ್ತೇನೆ' ಎನ್ನುತ್ತಿದ್ದ. ಅವಳನ್ನು ಯಾರೂ ಕೇಳುತ್ತಿರಲಿಲ್ಲ. ಆ ಊರಿನ ಲೇಖಕ ಕ್ಸೆನೊಫನ್ ಬರೆದ ಸಂವಾದವೊಂದರಲ್ಲಿ ಬರುವ ಗೃಹಸ್ಥನ ಹೆಂಡತಿಗೆ ಮನೆಗೆ ಬಂದಾಗ ಇನ್ನೂ ಹದಿನೈದು ತುಂಬಿಲ್ಲ. ಆದಷ್ಟು ಕಡಿಮೆ ನೋಡಿ, ಕಡಿಮೆ ಕೇಳಿ, ಕಡಿಮೆ ಪ್ರಶ್ನಿಸುವ ಹಾಗೆ ಅವಳನ್ನು ಬೆಳೆಸಿದ್ದರು ಎಂದು ಗಂಡನೇ ಹೇಳುತ್ತಾನೆ. ಇದನ್ನು ಓದುವಾಗ ನನಗೆ ಪ್ರತಿ ಸಲವೂ ಸಂಕಟವಾಗುತ್ತದೆ.

ಹಾಗಂತ ಅವರು ಬರೀ ಒಳಮನೆಯಲ್ಲೇ ಕೊಳೆತರು ಅಂದುಕೊಳ್ಳಬೇಡ. ಅಥೀನಾ ದೇವಿಯ ಹಬ್ಬ ಪಾನಥೆನಾಯಾಕ್ಕೆ ಒಂಬತ್ತು ತಿಂಗಳು ಇರುವಾಗಲೇ ಮಗ್ಗ ಹೂಡುತ್ತಿದ್ದರು. ಹೂಡುವಾಗ ಏಳರಿಂದ ಹನ್ನೊಂದು ವರ್ಷದ ಪುಟ್ಟ ಹುಡುಗಿಯರೂ ಇರುತ್ತಿದ್ದರು. ದೇವಿಗೆ ಉಡಿಸುವ ಬಟ್ಟೆಯಲ್ಲಿ ದೇವತೆಗಳಿಗೂ ದೈತ್ಯರಿಗೂ ನಡೆದ ಯುದ್ಧವನ್ನು ನೇಯ್ಗೆಯಲ್ಲೇ ಮೂಡಿಸಬೇಕಿತ್ತು. ಊರಿಗೆ ಊರೇ ಮೆರವಣಿಗೆಯಲ್ಲಿ ಆಕ್ರೊಪೊಲಿಸ್ ಗುಡ್ಡ ಹತ್ತುವಾಗ ದೇವಿಗೆ ಕೊಡಲು ಒಯ್ಯುತ್ತಿದ್ದದ್ದು ಹೆಣ್ಣುಮಕ್ಕಳ ಆ ಕೈಕೆಲಸವನ್ನು! ಇನ್ನು ಕೆಲವು ಹುಡುಗಿಯರು ಅಥೆನ್ಸಿನ ಸುತ್ತಲ ಸೀಮೆಯಾದ ಅಟ್ಟಿಕಾದ ಪೂರ್ವ ಕರಾವಳಿಯ ಬ್ರೌರಾನಿಗೆ ಹೋಗಿ, ಆರ್ಟೆಮಿಸ್ ದೇವಿಯ ಸನ್ನಿಧಿಯಲ್ಲಿ 'ಕರಡಿಗಳು' ಎಂದು ಕರೆಸಿಕೊಂಡು ಸೇವೆ ಮಾಡುತ್ತಿದ್ದರು. ಲೈಸಿಮಾಖೆ ಎಂಬಾಕೆ 64 ವರ್ಷ ಅಥೀನಾಳ ಪೂಜಾರಿಣಿಯಾಗಿದ್ದಳು. ಅಷ್ಟು ಕಾಲ ಅಧಿಕಾರದಲ್ಲಿದ್ದ ಗಂಡಸು ಆ ಊರಿನಲ್ಲಿ ಯಾರಿದ್ದಾನು?

ಗಂಡಸರ ಬಾಯಲ್ಲಿ ಯಾರ ಮಾತು ಅತಿ ಕಡಿಮೆ ಬರುತ್ತದೋ, ಹೊಗಳಿಕೆಗಾಗಲಿ ತೆಗಳಿಕೆಗಾಗಲಿ, ಆ ಹೆಂಗಸೇ ಕೀರ್ತಿವಂತೆ ಎಂದು ಪೆರಿಕ್ಲೀಸ್ ಹೇಳಿದ್ದಾಗಿ ಇತಿಹಾಸಕಾರ ಥ್ಯುಸಿಡಿಡೀಸ್ ಬರೆದಿಟ್ಟಿದ್ದಾನೆ. ಹೇಳಿದ್ದು ಯಾರಿಗೆ ಗೊತ್ತೇ? ಯುದ್ಧದಲ್ಲಿ ಸತ್ತವರ ವಿಧವೆಯರಿಗೆ. ಆ ಮಾತನ್ನು ನಾನು ಒಪ್ಪಲಾರೆ. ಅಥೆನ್ಸಿನ ತಂದೆತಾಯಿಗಳೂ ಪೂರ್ತಿ ಒಪ್ಪಿರಲಿಲ್ಲ ಎನ್ನುವುದಕ್ಕೆ ಅವರ ಸಮಾಧಿಗಳೇ ಸಾಕ್ಷಿ. ಪೆರಿಕ್ಲೀಸನಿಗಿಂತ ನೂರು ವರ್ಷ ಹಿಂದೆಯೇ ಫ್ರಸಿಕ್ಲೇಯಾ ಎಂಬ ಹುಡುಗಿ ಮದುವೆಗೆ ಮುಂಚೆ ತೀರಿಕೊಂಡಳು. ಮನೆಯವರು ಪಾರೊಸ್ ದ್ವೀಪದ ಶಿಲ್ಪಿಯಿಂದ ಅವಳ ಮೂರ್ತಿ ಮಾಡಿಸಿದರು. ತಲೆಯ ಮೇಲೆ ಹೂವಿನ ಕಿರೀಟ, ಕೈಯಲ್ಲೊಂದು ಮೊಗ್ಗು. ದೇವತೆಗಳು ಮದುವೆಯ ಬದಲು ಈ ಹೆಸರು ಕೊಟ್ಟರು, ಎಂದೆಂದಿಗೂ ನಾನು ಕನ್ಯೆಯೇ ಎಂದು ಪೀಠದ ಮೇಲೆ ಅವಳೇ ಹೇಳುತ್ತಾಳೆ. ಮಣ್ಣಲ್ಲಿ ಹೂತಿದ್ದ ಆ ಮೂರ್ತಿ 1972ರಲ್ಲಿ ಸಿಕ್ಕಿತು. ಆಂಫರೆಟೆ ಎಂಬ ಅಜ್ಜಿಯ ಸಮಾಧಿಗಲ್ಲಿನಲ್ಲಿ ಅವಳು ಮೊಮ್ಮಗುವನ್ನು ಎತ್ತಿಕೊಂಡಿದ್ದಾಳೆ: ಬದುಕಿದ್ದಾಗ ಮಗಳ ಈ ಕೂಸನ್ನು ತೊಡೆಯ ಮೇಲೆ ಆಡಿಸಿದೆ, ಈಗ ಸತ್ತ ಕೂಸನ್ನು ಸತ್ತ ನಾನು ಎತ್ತಿಕೊಂಡಿದ್ದೇನೆ. ಮಗನ ಮಗುವಲ್ಲ, ಮಗಳ ಮಗು ಎಂದು ಒತ್ತಿ ಕೆತ್ತಿಸಿದ್ದಾರೆ ನೋಡು. ಆದರೆ ಹೆಗೆಸೊ ಎಂಬವಳ ಕಲ್ಲನ್ನೂ ನೋಡಬೇಕು. ಒಡತಿ ಕುರ್ಚಿಯಲ್ಲಿ ಕೂತಿದ್ದಾಳೆ, ದಾಸಿ ಎದುರು ನಿಂತು ಆಭರಣದ ಪೆಟ್ಟಿಗೆ ಹಿಡಿದಿದ್ದಾಳೆ. ಹೆಸರು ಕೆತ್ತಿರುವುದು ಒಡತಿಯದು, ದಾಸಿಯದಲ್ಲ.

ಇನ್ನೊಂದು ವಿಷಯ, ಅಥೆನ್ಸನ್ನೇ ಇಡೀ ಗ್ರೀಸ್ ಅಂದುಕೊಂಡು ಬರೆಯಬೇಡ. ಗ್ರೀಸಿನ ಇನ್ನೊಂದು ನಗರರಾಜ್ಯ ಸ್ಪಾರ್ಟಾದಲ್ಲಿ ಹುಡುಗಿಯರು ಓಡುತ್ತಿದ್ದರು, ಕುಸ್ತಿ ಆಡುತ್ತಿದ್ದರು. ಅಲ್ಲಿನ ಜಮೀನಿನಲ್ಲಿ ಐದರಲ್ಲಿ ಎರಡು ಪಾಲು ಹೆಂಗಸರ ಕೈಯಲ್ಲಿದೆ ಎಂದು ಅರಿಸ್ಟಾಟಲ್ ಗೊಣಗಿದ್ದಾನೆ. ಕ್ರೀಟ್ ದ್ವೀಪದ ಗೋರ್ಟಿನ್‌ನಲ್ಲಿ, ಕ್ರಿ.ಪೂ. 5ನೇ ಶತಮಾನದಲ್ಲಿ, ಕಾನೂನನ್ನು ಗೋಡೆಯ ಮೇಲೆ 600ಕ್ಕೂ ಹೆಚ್ಚು ಸಾಲುಗಳಲ್ಲಿ ಕೆತ್ತಿಸಿದ್ದರು. ಈಗಲೂ ಇದೆ. ಅದರ ಪ್ರಕಾರ ಆಸ್ತಿಯಲ್ಲಿ ಮಗನಿಗೆ ಎರಡು ಪಾಲಾದರೆ ಮಗಳಿಗೆ ಒಂದು. ಸಮಪಾಲಲ್ಲ, ಆದರೂ ಅವಳದೇ ಪಾಲು. ಗಂಡ ಹೆಂಡತಿ ಬೇರೆಯಾದರೆ ಅವಳು ತಂದದ್ದೆಲ್ಲ ಅವಳಿಗೆ, ಅವಳ ಆಸ್ತಿಯಿಂದ ಬಂದ ಬೆಳೆಯಲ್ಲಿ ಅರ್ಧ, ಆ ಮನೆಯಲ್ಲಿ ಅವಳು ನೇಯ್ದ ಬಟ್ಟೆಯಲ್ಲೂ ಅರ್ಧ. ತಪ್ಪು ಗಂಡನದಾಗಿದ್ದರೆ ಮೇಲೆ ಐದು ನಾಣ್ಯ ದಂಡ.

ಪ್ರೀತಿಯಿಂದ,
ಅಮ್ಮ