ಡೇರೆ ಗೆಡ್ಡೆ ಕಳಿಸುತ್ತಿದ್ದೇನೆ

ಪ್ರೀತಿಯ ಗೆಳೆಯಾ,

ನೀನು ಕಳಿಸಿದ ಫೋಟೋ ನೋಡಿ ಅಮ್ಮ ನಕ್ಕಿದ್ದೇ ನಕ್ಕಿದ್ದು. ಬೆಂಗಳೂರಿನ ನರ್ಸರಿಯಲ್ಲಿ ಒಂದು ಡೇರೆ ಗಿಡಕ್ಕೆ, ಅದೇ ನಿಮ್ಮ ಡೇಲಿಯಾಕ್ಕೆ, 350 ರೂಪಾಯಿ! "ಹಂಗಾದ್ರೆ ತೋಟಕ್ಕಿಂತ ನನ್ನ ಹಿತ್ತಲೇ ವಾಸಿ" ಅಂದಳು.

ನನಗೆ ಮಾತ್ರ ನಗು ಬರಲಿಲ್ಲ. ಅಂಗಳದ ಅಂಚಿನ ಡೇರೆ ಸಾಲು ಕಿತ್ತವನು ನಾನೇ ಅಲ್ವಾ? ಆಗ ಎಲ್ಲರ ಬಾಯಲ್ಲೂ ಆಂಥೂರಿಯಂ ಹೂವಿನ ಮಾತು. ನೆರಳಿನ ಬಲೆ ಕಟ್ಟಿ, ತೆಂಗಿನ ಸಿಪ್ಪೆ ತುಂಬಿ ಕುಂಡ ಜೋಡಿಸಿದೆ. ಡೇರೆ, ಗೋರಂಟೆ, ಸಂಜೆಮಲ್ಲಿಗೆ ಎಲ್ಲ ಅಜ್ಜಿಯರ ಕಾಲದ್ದು ಅನ್ನಿಸಿತ್ತು. ಅಮ್ಮ ಏನೂ ಹೇಳಲಿಲ್ಲ. ಗೆಡ್ಡೆಗಳನ್ನು ಬುಟ್ಟಿಗೆ ತುಂಬಿಕೊಂಡು ಒಳಗೆ ಹೋದಳು. ಆಂಥೂರಿಯಂ ಮೂರು ಮಳೆಗಾಲ ಬಾಳಿತು, ಅಷ್ಟೆ.

ಈಗ ನಮ್ಮ ಸಾಗರ, ಶಿರಸಿ ಕಡೆ ಮತ್ತೆ ಡೇರೆ ಹುಚ್ಚು. ಯಾರ ಮನೆಗೆ ಹೋದರೂ ಮೊದಲು ಅಂಗಳಕ್ಕೆ ಕರೆಯುತ್ತಾರೆ, ಕಾಫಿ ಆಮೇಲೆ. ಊಟದ ತಟ್ಟೆಯಷ್ಟು ದೊಡ್ಡ ಹೂವಿನ ಜಾತಿಗಳೂ ಬಂದಿವೆ. ನನಗಂತೂ ಅವು ಹಿಡಿಸಲಿಲ್ಲ. ದೇವರ ತಲೆಗೆ ಏರಿಸಿದರೆ ದೇವರೇ ಕಾಣುವುದಿಲ್ಲ! ಡೇರೆ ದಂಟಿನ ಒಳಗೆ ಪೊಳ್ಳು. ಆಷಾಢದ ಮಳೆ ಒಂದು ಹೊಡೆತ ಹೊಡೆದರೆ ದೊಡ್ಡ ಹೂ ನೀರು ಕುಡಿದು, ಕತ್ತು ಮುರಿದು ಮಲಗುತ್ತದೆ. ಅಮ್ಮ ಆ ಬುಟ್ಟಿಯ ಗೆಡ್ಡೆಯಿಂದ ಗೊಬ್ಬರಗುಂಡಿ ಪಕ್ಕ ಮತ್ತೆ ಎಬ್ಬಿಸಿದ ನಮ್ಮ ಹಳೇ ಕೆಂಪು ಡೇರೆಗೆ ಒಂದು ಅಡಿಕೆ ದಬ್ಬೆ ಊರಿ ಕಟ್ಟಿದರೆ ಸಾಕು, ಗೌರಿಹಬ್ಬದ ತನಕ ಹೂ ಬಿಡುತ್ತದೆ.

ಅಂದಹಾಗೆ, ಇದು ನಮ್ಮೂರಿನದೇ ಹೂ ಅಂತ ಅಮ್ಮನ ವಾದ. ಮೂಲ ಮೆಕ್ಸಿಕೊ ಅಂದರೆ ನಂಬುವುದಿಲ್ಲ. ಸ್ಪೇನಿನವರು ಹದಿನೆಂಟನೇ ಶತಮಾನದ ಕೊನೆಗೆ ಮ್ಯಾಡ್ರಿಡ್‌ಗೆ ಒಯ್ದರು. ಸ್ವೀಡನ್ನಿನ ಆಂಡರ್ಸ್ ಡಾಲ್ ಎಂಬ ಸಸ್ಯಶಾಸ್ತ್ರಜ್ಞನ ಹೆಸರಿಟ್ಟು ಡೇಲಿಯಾ ಮಾಡಿದರು. ಡೇಲಿಯಾ ನಮ್ಮವರ ಬಾಯಲ್ಲಿ ಡೇರೆಯಾಯಿತು. 1963ರಲ್ಲಿ ಮೆಕ್ಸಿಕೊ ಇದನ್ನು ರಾಷ್ಟ್ರೀಯ ಹೂವು ಅಂತ ಸಾರಿತು. "ಸಾರಿಕೊಳ್ಳಲಿ, ಗೊಬ್ಬರ ಹಾಕಿದ್ದು ನಾನು" ಅಂದಳು ಅಮ್ಮ.

ನಿನ್ನೆ ಅವಳು ಗೆಡ್ಡೆ ಬಿಡಿಸುವಾಗ ಪಕ್ಕದಲ್ಲೇ ಕೂತಿದ್ದೆ. ನೋಡಲು ಸಣ್ಣ ಗೆಣಸಿನ ಗೊಂಚಲಿನ ಹಾಗೆ. ದಪ್ಪ ಗೆಡ್ಡೆಯೊಂದನ್ನು ಮುರಿದು ನಿನಗೆಂದು ಎತ್ತಿಟ್ಟೆ. ಅಮ್ಮ ಕೈಯಿಂದ ಕಸಿದುಕೊಂಡಳು. "ಇದು ಕುರುಡು. ಕಣ್ಣಿರುವುದು ಇಲ್ಲಿ" ಎಂದು ಹಳೇ ದಂಟಿನ ಬುಡ ತೋರಿಸಿದಳು. ಸಾಸಿವೆ ಕಾಳಿನಷ್ಟು ಕೆಂಪು ಗುಳ್ಳೆ. ಆ ಬುಡದ ಚೂರು ಅಂಟಿಕೊಂಡಿರುವ ಹಾಗೆ ಚಾಕುವಿನಿಂದ ಸೀಳಿ, ಗಾಯಕ್ಕೆ ಒಲೆಯ ಬೂದಿ ಸವರಿದಳು. ಬರೀ ಗೆಡ್ಡೆ ನೆಟ್ಟರೆ ಎಷ್ಟು ದಪ್ಪವಿದ್ದರೂ ಚಿಗುರುವುದಿಲ್ಲವಂತೆ. ಇಷ್ಟು ವರ್ಷ ಇದೇ ಹಿತ್ತಲಲ್ಲಿ ಓಡಾಡಿದವನಿಗೆ ಇದು ಗೊತ್ತಿರಲಿಲ್ಲ ನೋಡು.

ಭಾನುವಾರ ಬರುವ ಭಾವನ ಕೈಲಿ ಮೂರು ಗೆಡ್ಡೆ ಕಳಿಸುತ್ತಿದ್ದೇನೆ. ಕಣ್ಣು ಮೇಲೆ ಮಾಡಿ ನೆಡು. ಚಿಗುರುವ ತನಕ ನೀರು ಜಾಸ್ತಿ ಬೇಡ, ಕೊಳೆಯುತ್ತದೆ. ಅದಕ್ಕೆ ಬಾಲ್ಕನಿಯಲ್ಲಿ ಬಿಸಿಲು ಬೀಳುವ ಮೂಲೆ ಬೇಕು. ಅಲ್ಲಿ ನಿನ್ನ ಹೆಂಡತಿಯ ಅಡೇನಿಯಂ ಹೂಗಿಡ ಇದೆಯಲ್ಲ, ಜಾಗದ ವಿಷಯ ನೀವಿಬ್ಬರೇ ಬಗೆಹರಿಸಿಕೊಳ್ಳಿ. ನನ್ನ ಹೆಸರು ಎತ್ತಬೇಡ.

ನಿನ್ನ ಗೆಳೆಯ