ತಿಪ್ಪೇಶನಿಗೆ, ಪ್ರಯಾನ್ ವಿಚಾರ

ಪ್ರೀತಿಯ ತಿಪ್ಪೇಶ,

ಚಳ್ಳಕೆರೆ ಕಡೆ ಮಳೆ ಬಂತೇನೋ? ಇಲ್ಲಿ ದಾವಣಗೆರೆಯಲ್ಲಿ ಬರೀ ಮೋಡ.

'ಕುರಿ ಕಂಬಕ್ಕೆ ಮೈ ಉಜ್ಜಿ ಉಜ್ಜಿ ಸಾಯ್ತಾವಂತೆ, ವೈರಸ್ಸೂ ಅಲ್ವಂತೆ, ಹಂಗಂದ್ರೆ ಏನಲೇ?' ಅಂತ ಫೋನಲ್ಲಿ ಕೇಳಿದ್ದೆಯಲ್ಲ. ಅದು ಸ್ಕ್ರೇಪಿ. ನಿನ್ನ ಕುರಿ ಮೈ ಉಜ್ಜಿದ ಮಾತ್ರಕ್ಕೆ ಗಾಬರಿಯಾಗಬೇಡ, ಹೇನೋ ಕಜ್ಜಿಯೋ ಇರುತ್ತೆ, ಪಶು ಡಾಕ್ಟರಿಗೆ ತೋರಿಸು. ಸ್ಕ್ರೇಪಿ ತರೋದು ಬರೀ ಒಂದು ಪ್ರೋಟೀನು. 1982ರಲ್ಲಿ ಅಮೆರಿಕದ ವಿಜ್ಞಾನಿ ಸ್ಟ್ಯಾನ್ಲಿ ಪ್ರುಸಿನರ್ ಅದಕ್ಕೆ ಪ್ರಯಾನ್ ಅಂತ ಹೆಸರಿಟ್ಟಾಗ ಬಹಳ ಜನ ಒಪ್ಪಲಿಲ್ಲ. 1997ರಲ್ಲಿ ಅವರಿಗೇ ನೊಬೆಲ್ ಬಂತು. ಕುರಿಯ ಮಿದುಳಲ್ಲೂ ನಮ್ಮ ಮಿದುಳಲ್ಲೂ ಪಿಆರ್‌ಪಿ ಅನ್ನೋ ಪ್ರೋಟೀನು ಹುಟ್ಟಿನಿಂದಲೇ ಇರುತ್ತೆ. ತಪ್ಪಾಗಿ ಮಡಚಿಕೊಂಡು ಆಕಾರ ಕೆಟ್ಟದ್ದೊಂದು ಸರಿಯಿರೋದನ್ನ ಮುಟ್ಟಿದರೆ, ಹಾಲಿಗೆ ಹೆಪ್ಪು ಬಿದ್ದಂಗೆ ಅದೂ ಹಾಗೇ ತಿರುಗುತ್ತೆ. ಕೊನೆಗೆ ಮಿದುಳಲ್ಲಿ ತೂತು ಬೀಳ್ತವೆ. ಕುದಿಸಿದರೂ ಜಗ್ಗಲ್ಲ. ಇಂಗ್ಲೆಂಡಿನ ಹುಚ್ಚು ಹಸು ಕಾಯಿಲೆಯೂ ಇದೇ ಜಾತಿಯದು.

ನನ್ನನ್ನ ಹಿಡಿದಿಟ್ಟಿರೋದು ಮಾತ್ರ ಬೇಕರಿಯವರು ಬಳಸೋ ಯೀಸ್ಟು. ಅದರಲ್ಲಿ ಸಪ್35 ಅಂತ ಒಂದು ಪ್ರೋಟೀನಿದೆ. ಪ್ರೋಟೀನು ಕಟ್ಟೋ ರೈಬೋಸೋಮಿಗೆ 'ಇಲ್ಲಿಗೆ ನಿಲ್ಲಿಸು' ಅನ್ನೋದೇ ಅದರ ಕೆಲಸ. ಅದು ಪ್ರಯಾನಾಗಿ ಗಂಟು ಕಟ್ಟಿಕೊಂಡರೆ ನಿಲ್ಲಬೇಕಾದ ಕಡೆ ರೈಬೋಸೋಮು ಆಗಾಗ ನಿಲ್ಲದೆ ಮುಂದೆ ಹೋಗುತ್ತೆ. ಇದನ್ನ ಕಣ್ಣಲ್ಲೇ ನೋಡಬಹುದು ಕಣೋ! ಕೋಶಕ್ಕೆ ಬೇಕಾದ ಅಡೆನಿನ್ ಅನ್ನೋ ವಸ್ತು ಮಾಡೋ ಜೀನಿನ ನಡುವೆ ತಪ್ಪಾಗಿ ನಿಲುಗಡೆ ಬಿದ್ದಿರೋ ತಳಿ ತಗೊಂಡು ಪ್ಲೇಟಿನ ಮೇಲೆ ಬೆಳೆಸಿದರೆ ಅಡೆನಿನ್ ತಯಾರಿ ಅರ್ಧಕ್ಕೇ ನಿಂತು ಕಾಲೊನಿಗಳು ಕೆಂಪಗೆ ಬರ್ತವೆ. ಪ್ರಯಾನ್ ಇದ್ದರೆ ರೈಬೋಸೋಮು ಆ ತಪ್ಪು ನಿಲುಗಡೆ ದಾಟಿ ಹೋಗೋದರಿಂದ ಬೆಳ್ಳಗೆ. ತಾಯಿ ಕೋಶದಿಂದ ಮರಿ ಕೋಶಕ್ಕೆ ಬಿಳುಪು ಹಾಗೇ ಇಳಿದು ಬರುತ್ತೆ, ಡಿಎನ್‌ಎಯಲ್ಲಿ ಒಂದಕ್ಷರವೂ ಬದಲಾಗಿರಲ್ಲ. ಗ್ವಾನಿಡಿನ್ ಅನ್ನೋ ರಾಸಾಯನಿಕ ಸ್ವಲ್ಪ ಹಾಕಿ ಕೆಲವು ತಲೆಮಾರು ಬೆಳೆಸು, ಗಂಟು ಒಡೆದು ಹಂಚೋ ಹೆಚ್‌ಎಸ್‌ಪಿ104 ಅನ್ನೋ ಪ್ರೋಟೀನು ಮಲಗಿಬಿಡುತ್ತೆ, ಕಾಲೊನಿ ಮತ್ತೆ ಕೆಂಪು. ಬ್ರಯಾನ್ ಕಾಕ್ಸ್ ಅನ್ನೋ ವಿಜ್ಞಾನಿ 1965ರಲ್ಲೇ ಈ ವಿಚಿತ್ರವನ್ನ ವರದಿ ಮಾಡಿದ್ದರು. ಇಂಥದ್ದು ಪ್ರಯಾನ್ ಇರಬೇಕು ಅಂತ ರೀಡ್ ವಿಕ್ನರ್ ಹೇಳಿದ್ದು 1994ರಲ್ಲಿ.

ಪೊಡೊಸ್ಪೊರ ಅನ್ನೋ ಶಿಲೀಂಧ್ರವಂತೂ ಪ್ರಯಾನನ್ನ ಕಾವಲಿಗೇ ಇಟ್ಟುಕೊಂಡಿದೆ. ಬೇರೆ ತಳಿಯ ಎಳೆ ಬಂದು ಬೆಸೆದುಕೊಂಡರೆ, ಬೆಸೆದ ಕೋಶಗಳನ್ನೇ ಸಾಯಿಸಿ ಗಡಿ ಹಾಕುತ್ತೆ.

ಯೀಸ್ಟಿನ ಪ್ರಯಾನೂ ರೋಗವೇ ಅಂತಾರೆ ವಿಕ್ನರ್. ಕಷ್ಟಕಾಲದಲ್ಲಿ ಹೊಸ ಗುಣ ತೋರಿಸೋಕೆ ಅನುಕೂಲ ಅನ್ನೋದು ಸೂಸನ್ ಲಿಂಡ್‌ಕ್ವಿಸ್ಟ್ ಪಕ್ಷ. ನಾನು ಸದ್ಯ ಸೂಸನ್ ಕಡೆಗೇ ವಾಲಿದ್ದೀನಿ. ಜಗಳಕ್ಕೆ ಬರೋದಿದ್ದರೆ ಬೆಣ್ಣೆ ದೋಸೆ ನಿನ್ನದು.

ನಿನ್ನ,
ಮಂಜ